ಕೌಂಟರ್ ಇಲ್ಲದ ಮಳಿಗೆ, ಎರಡು ವರ್ಷಗಳ ನಂತರ: ಸಾಲು ಹೋಯಿತು, ಲೆಕ್ಕವೂ ಹೋಯಿತು

ಕಚೇರಿಯಿಂದ ಮರಳುವ ದಾರಿಯಲ್ಲಿ ನಾನು ಹೋಗುವ ಮಳಿಗೆಯಲ್ಲಿ ಹಣ ಕಟ್ಟುವ ಕೌಂಟರ್ ಇಲ್ಲ. ಬಾಗಿಲಲ್ಲಿ ಫೋನಿನ ಕ್ಯೂಆರ್ ಕೋಡ್ ತೋರಿಸಿ ಒಳಗೆ ಹೋಗುವುದು, ಬೇಕಾದದ್ದನ್ನು ಎತ್ತಿಕೊಳ್ಳುವುದು, ಹೊರಗೆ ನಡೆಯುವುದು, ಇಷ್ಟೇ. ಚಾವಣಿಯ ಕ್ಯಾಮೆರಾಗಳೂ ಶೆಲ್ಫುಗಳೊಳಗಿನ ತೂಕದ ಸೆನ್ಸರ್‌ಗಳೂ ಸೇರಿ ಮಾಡಿದ ಲೆಕ್ಕದಂತೆ ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಇಂಥ ಮಳಿಗೆಗಳ ವಿಡಿಯೊಗಳನ್ನು ಓದುಗರು ಈಗಾಗಲೇ ನೋಡಿರುತ್ತಾರೆ, ಹಾಗಾಗಿ ಎಷ್ಟು ಕ್ಯಾಮೆರಾ, ಯಾವ ಮಾದರಿಯ ಸೆನ್ಸರ್ ಎಂಬ ವಿವರಗಳನ್ನು ಬಿಡುತ್ತೇನೆ. ಎರಡು ವರ್ಷಗಳಿಂದ ವಾರಕ್ಕೆ ಮೂರು ನಾಲ್ಕು ಸಲ ಅಲ್ಲಿಗೆ ಹೋಗುತ್ತಿರುವ ನನಗೆ ಹೇಳಬೇಕೆನಿಸಿರುವುದು ಮುಖ್ಯವಾಗಿ ಬಿಲ್ಲಿನ ಬಗ್ಗೆ.

ಮೊದಲು ಸಂತೋಷದ ಮಾತು. ಸಾಲಿನಲ್ಲಿ ನಿಲ್ಲಬೇಕಿಲ್ಲ ಎಂಬುದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಚೀಲ ತುಂಬುವ ಕೆಲಸ. ಬೇರೆ ಅಂಗಡಿಗಳಲ್ಲಿ ಸಾಮಾನನ್ನು ಬುಟ್ಟಿಗೆ ಹಾಕಿ, ಬುಟ್ಟಿಯಿಂದ ಕೌಂಟರಿನ ಮೇಲೆ ಸುರಿದು, ಹಿಂದೆ ನಿಂತವರ ಅವಸರಕ್ಕೆ ಬೆದರಿ ಸಿಕ್ಕಿದ್ದನ್ನು ಸಿಕ್ಕಹಾಗೆ ಚೀಲಕ್ಕೆ ತುರುಕಬೇಕಾಗುತ್ತದೆ. ಇಲ್ಲಿ ಶೆಲ್ಫಿನಿಂದ ನೇರವಾಗಿ ನನ್ನ ಬಟ್ಟೆಯ ಚೀಲಕ್ಕೆ. ಬಾಗಿಲು ದಾಟಿದ ಕೂಡಲೇ ಬಲಕ್ಕೆ ತಿರುಗದೆ ಎಡಕ್ಕೆ ಹೋಗುತ್ತೇನೆ, ಏಕೆಂದರೆ ಬಟ್ಟೆ ಒಗೆಯುವ ಪುಡಿಯಂಥ ಭಾರದ ಸಾಮಾನು ಇರುವುದು ಆ ಕಡೆ. ಅದು ಚೀಲದ ತಳಕ್ಕೆ ಹೋಗಬೇಕು. ಅದರ ಮೇಲೆ ಸೋಪು, ಪಕ್ಕದಲ್ಲಿ ನಿಲ್ಲಿಸಿದ ಹಾಗೆ ಟೂತ್‌ಪೇಸ್ಟ್, ಎಲ್ಲಕ್ಕಿಂತ ಮೇಲೆ ಬಲ್ಬು. ಮನೆಗೆ ಬಂದು ಚೀಲ ಬಿಚ್ಚಿದಾಗ ಒಂದೂ ಜಜ್ಜಿರುವುದಿಲ್ಲ. ಮೊದಲ ಆರು ತಿಂಗಳು ನಾನು ಈ ಸುಖವನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ನನ್ನ ಅಭ್ಯಾಸವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ದೂರು ಅರ್ಥವಾಗುವುದಿಲ್ಲ. ತಿಂಗಳ ಮೊದಲ ದಿನವೇ ಮನೆಯ ಸಾಮಾನಿಗೆಂದು ಇಷ್ಟು ಎಂದು ಎತ್ತಿಟ್ಟು, ಅದರೊಳಗೇ ತಿಂಗಳು ದಾಟಿಸುವವನು ನಾನು. ಕೌಂಟರ್ ಇದ್ದ ಕಾಲದಲ್ಲಿ ಒಂದೊಂದು ಸಾಮಾನಿಗೂ ಯಂತ್ರ ‘ಬೀಪ್’ ಎನ್ನುತ್ತಿತ್ತು, ಪರದೆಯ ಮೇಲೆ ಮೊತ್ತ ಏರುತ್ತಿತ್ತು, ಅಂದುಕೊಂಡದ್ದಕ್ಕಿಂತ ಮೇಲೆ ಹೋದರೆ ‘ಇದೊಂದು ಬೇಡ, ತೆಗೆದುಬಿಡಿ’ ಎನ್ನುವುದಕ್ಕೆ ಅವಕಾಶವಿತ್ತು. 1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ರಿಗ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣವೊಂದರ ಬಾರ್‌ಕೋಡನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿದ ಮೇಲೆ, ಐದು ದಶಕಗಳ ಕಾಲ ಮಾರುವವನೂ ಕೊಳ್ಳುವವನೂ ಒಂದೇ ಸದ್ದನ್ನು ಒಟ್ಟಿಗೆ ಕೇಳಿ ಲೆಕ್ಕ ಒಪ್ಪಿಕೊಳ್ಳುತ್ತ ಬಂದಿದ್ದಾರೆ. ಕೌಂಟರ್ ಇಲ್ಲದ ಮಳಿಗೆಯಲ್ಲಿ ಆ ಸದ್ದೇ ಇಲ್ಲ. ನನ್ನ ಚೀಲದಲ್ಲಿರುವುದರ ಮೊತ್ತ ಎಷ್ಟಾಯಿತೆಂಬುದು ಯಂತ್ರಕ್ಕೆ ತಿಳಿದಿರುತ್ತದೆ, ನನಗೆ ಮಾತ್ರ ತಿಳಿದಿರುವುದಿಲ್ಲ.

ಬಿಲ್ಲು ಹೊರಗೆ ಬಂದ ಮೇಲೆ ಬರುತ್ತದೆ, ಅದೂ ತನಗೆ ತೋಚಿದಾಗ. ಒಂದೇ ಒಂದು ಟೂತ್‌ಪೇಸ್ಟ್ ತಂದ ದಿನ ರಸ್ತೆ ದಾಟುವುದರೊಳಗೆ ಫೋನ್ ನಡುಗುತ್ತದೆ. ಮಳಿಗೆ ತುಂಬಿರುವ ಸಂಜೆ, ಹತ್ತಾರು ಸಾಮಾನು ಎತ್ತಿ ಇಳಿಸಿದ ದಿನ, ರಾತ್ರಿ ಊಟ ಮುಗಿದರೂ ಬಿಲ್ಲಿನ ಸುಳಿವಿರುವುದಿಲ್ಲ. ಲೆಕ್ಕದ ಪುಸ್ತಕದ ಅಂಚಿನಲ್ಲಿ ಒಂದು ತಿಂಗಳು ಬಿಲ್ಲು ಬಂದ ಸಮಯವನ್ನು ಬರೆದಿಟ್ಟು ನೋಡಿದೆ. ಎತ್ತಿ ವಾಪಸ್ ಇಟ್ಟ ಸಾಮಾನು ಹೆಚ್ಚಾದಷ್ಟೂ ಬಿಲ್ಲು ತಡ. ಕಾರಣ ಊಹಿಸುವುದು ಕಷ್ಟವಲ್ಲ. ಈ ವ್ಯವಸ್ಥೆ ಪ್ರತಿ ಗಿರಾಕಿಯನ್ನೂ ಚಲಿಸುವ ಒಂದು ಆಕೃತಿಯಾಗಿ ಹಿಂಬಾಲಿಸುತ್ತ, ಯಾವ ಕೈ ಯಾವ ಶೆಲ್ಫಿಗೆ ಹೋಯಿತು, ಅಲ್ಲಿ ಎಷ್ಟು ತೂಕ ಕಡಿಮೆಯಾಯಿತು ಎಂಬೆರಡನ್ನೂ ತಾಳೆ ಹಾಕುತ್ತದೆ. ತಾಳೆಯಾಗದಿದ್ದಾಗ ದೃಶ್ಯವನ್ನು ಮನುಷ್ಯರು ನೋಡಿ ತೀರ್ಮಾನಿಸುವ ಏರ್ಪಾಡೂ ಈ ಉದ್ಯಮದಲ್ಲಿದೆ. ಇಂಥ ಮಳಿಗೆಯನ್ನು 2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಅಮೆಜಾನ್ ಕೂಡ, ಯಂತ್ರಕ್ಕೆ ಪೂರ್ತಿ ಖಾತ್ರಿಯಾಗದ ಕೆಲವು ಖರೀದಿಗಳನ್ನು ತನ್ನ ಸಿಬ್ಬಂದಿ ಪರಿಶೀಲಿಸುತ್ತಾರೆಂದು ಹೇಳಿಕೊಂಡಿದೆ. ಇದನ್ನು ಓದಿದ ಮೇಲೆ ನನ್ನ ಬಿಲ್ಲು ತಡವಾದಾಗಲೆಲ್ಲ, ಎಲ್ಲೋ ಕುಳಿತ ಯಾರೋ ನನ್ನ ಕೈಯನ್ನೇ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುತ್ತಿರಬಹುದೆಂದು ಅನಿಸತೊಡಗಿದೆ.

ನಾನು ಒಬ್ಬನೇ ಹೋಗುವಾಗ ತಪ್ಪುಗಳು ವಿರಳ. ಅಮ್ಮ ಜೊತೆಗಿದ್ದರೆ ಕಥೆ ಬೇರೆ. ಅಮ್ಮನಿಗೆ ಯಾವುದನ್ನೂ ಮುಟ್ಟದೆ ಕೊಂಡು ಅಭ್ಯಾಸವಿಲ್ಲ: ಎತ್ತುತ್ತಾರೆ, ಕನ್ನಡಕ ಸರಿಮಾಡಿಕೊಂಡು ಸಣ್ಣಕ್ಷರವನ್ನು ಓದುತ್ತಾರೆ, ನನ್ನ ಕೈಗೆ ಕೊಡುತ್ತಾರೆ, ನಾಲ್ಕು ಹೆಜ್ಜೆ ಹೋದ ಮೇಲೆ ‘ಬೇಡ ಬಿಡು, ಅದೇ ಹಳೆಯದು ಇರಲಿ’ ಎಂದು ಅದನ್ನು ಕೈಗೆ ಎಟುಕಿದ ಇನ್ಯಾವುದೋ ಶೆಲ್ಫಿನಲ್ಲಿ ಇಡುತ್ತಾರೆ. ಕಳೆದ ವರ್ಷ ಹೀಗೆ ಒಂದು ಶಾಂಪೂ ಬಾಟಲಿ ಪೊರಕೆಗಳ ಪಕ್ಕ ಹೋಗಿ ಕೂತಿತು. ರಾತ್ರಿ ಬಂದ ಬಿಲ್ಲಿನಲ್ಲಿ ಶಾಂಪೂ ನಮ್ಮದೇ ಆಗಿತ್ತು. ಇದನ್ನು ಅಮ್ಮನ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಅಂಗಡಿಗೆ ಹೋಗುವವರು ಎತ್ತಿ ನೋಡುತ್ತಾರೆ, ಮನಸ್ಸು ಬದಲಿಸುತ್ತಾರೆ, ಸಾಮಾನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಕೊಳ್ಳುವುದು ಎಂದರೆ ಇಷ್ಟೂ ಸೇರಿಯೇ. ಯಂತ್ರಕ್ಕೆ ಎತ್ತಿದ್ದು ಕಾಣುತ್ತದೆ, ಬೇಡವೆನಿಸಿದ್ದು ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಸೋಪಿನದು ಇನ್ನೊಂದು ಬಗೆಯ ತಕರಾರು. ಒಂದೇ ತಯಾರಿಕೆಯ ಎರಡು ಸೋಪು, ಒಂದೇ ಅಳತೆ, ಒಂದೇ ತೂಕ. ಒಂದರ ಹೊದಿಕೆ ತಿಳಿ ಹಸಿರು, ಇನ್ನೊಂದರದು ಅದಕ್ಕಿಂತ ತುಸು ಗಾಢ, ಬೆಲೆ ಮಾತ್ರ ಬೇರೆ. ತೂಕ ಒಂದೇ ಆದಾಗ ಶೆಲ್ಫು ನೆರವಿಗೆ ಬರಲಾರದು, ಕ್ಯಾಮೆರಾದ ಕಣ್ಣೇ ಗತಿ, ಆ ಕಣ್ಣಿಗೆ ನನ್ನ ಹೆಬ್ಬೆರಳು ಅಡ್ಡ. ಮೂರು ಸಲ ದುಬಾರಿ ಸೋಪಿನ ಹಣ ಕಡಿತವಾದ ಮೇಲೆ, ಸೋಪಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಮುಖವನ್ನು ಚಾವಣಿಗೆ ತೋರಿಸಿ, ಒಂದು ಕ್ಷಣ ತಡೆದು ಚೀಲಕ್ಕೆ ಇಳಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನೋಡಿದವರಿಗೆ ಪೂಜೆಯಂತೆ ಕಾಣುತ್ತಿರಬಹುದು.

ಹಣ ವಾಪಸ್ ಬರುತ್ತದೆ, ಅದನ್ನು ಮರೆಮಾಚಬಾರದು. ಬಿಲ್ಲಿನಲ್ಲಿ ಆ ಸಾಮಾನಿನ ಹೆಸರನ್ನು ಒತ್ತಿ ‘ನಾನು ಇದನ್ನು ಒಯ್ದಿಲ್ಲ’ ಎಂದರೆ ಸಾಕು. ಯಾರೂ ಪ್ರಶ್ನಿಸುವುದಿಲ್ಲ, ಎರಡು ದಿನದೊಳಗೆ ಹಣ ಖಾತೆಗೆ. ಮೊದಮೊದಲು ಈ ನಂಬಿಕೆಗೆ ಮನಸೋತಿದ್ದೆ. ಈಗ ಅದೇ ಕಿರಿಕಿರಿ. ಕೌಂಟರಿನಲ್ಲಿ ಕುಳಿತವರು ಮಾಡುತ್ತಿದ್ದ ಕೆಲಸವನ್ನು ರಾತ್ರಿ ಹತ್ತು ಗಂಟೆಗೆ, ಚೀಲವನ್ನು ಮೇಜಿನ ಮೇಲೆ ಮತ್ತೆ ಹರಡಿ, ನಾನೇ ಸಂಬಳವಿಲ್ಲದೆ ಮಾಡುತ್ತಿದ್ದೇನೆ. ನೋಡದೆ ಬಿಟ್ಟರೆ ತಪ್ಪು ನನ್ನ ಲೆಕ್ಕಕ್ಕೇ.

ತಪ್ಪು ನನ್ನ ಕಡೆಗೆ ವಾಲಿದಾಗ ಏನಾಗುತ್ತದೆಂಬುದು ಇನ್ನೂ ಸ್ವಾರಸ್ಯ. ಒಮ್ಮೆ ಬ್ಯಾಟರಿಯ ಪೊಟ್ಟಣವೊಂದು ಬಿಲ್ಲಿಗೆ ಸೇರಿರಲಿಲ್ಲ. ‘ಒಯ್ದಿಲ್ಲ’ ಎನ್ನಲು ಗುಂಡಿಯಿದೆ, ‘ಒಯ್ದಿದ್ದೇನೆ’ ಎನ್ನಲು ಇಲ್ಲ. ಮರುದಿನ ಮಳಿಗೆಗೇ ಹೋಗಿ, ಶೆಲ್ಫುಗಳಿಗೆ ಸಾಮಾನು ಜೋಡಿಸುತ್ತಿದ್ದ ಹುಡುಗಿಗೆ ವಿಷಯ ಹೇಳಿ ಹಣ ನೀಡಲು ಹೋದೆ. ಆಕೆ ಕೈಯನ್ನು ಹಿಂದಕ್ಕೆಳೆದುಕೊಂಡು, ‘ಸರ್, ಇಲ್ಲಿ ಹಣ ತಗೊಳ್ಳೋಕೆ ಜಾಗಾನೇ ಇಲ್ಲ’ ಎಂದು ನಕ್ಕಳು. ಸ್ವಲ್ಪ ಯೋಚಿಸಿ ಆಕೆಯೇ ಒಂದು ಉಪಾಯ ಹೇಳಿದಳು: ಮನೆಯಲ್ಲಿರುವ ಪೊಟ್ಟಣವನ್ನು ತಂದು ಕೊಟ್ಟುಬಿಡಿ, ಶೆಲ್ಫಿನಲ್ಲಿರುವ ಹೊಸದನ್ನು ಸರಿಯಾಗಿ ಕಾಣುವಂತೆ ಎತ್ತಿಕೊಂಡು ಹೋಗಿ. ಹಾಗೆಯೇ ಮಾಡಿದೆ. ಐದು ನಿಮಿಷದಲ್ಲಿ ಬಿಲ್ಲು ಬಂತು. ಇಡೀ ವ್ಯವಸ್ಥೆಯಲ್ಲಿ ನನ್ನ ಸಮಸ್ಯೆಯನ್ನು ಅರ್ಥಮಾಡಿಕೊಂಡದ್ದು ಆಕೆಯೊಬ್ಬಳೇ.

ಮೊತ್ತ ಕಣ್ಣಿಗೆ ಕಾಣಬೇಕೆಂಬ ಹಟ ನನ್ನೊಬ್ಬನದೇ ಇರಬಹುದೆಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದದ್ದು 2024ರ ಏಪ್ರಿಲ್ಲಿನಲ್ಲಿ, ಅಮೆಜಾನ್ ಅಮೆರಿಕದ ತನ್ನ ಫ್ರೆಶ್ ದಿನಸಿ ಮಳಿಗೆಗಳಿಂದ ಈ ‘ಎತ್ತಿಕೊಂಡು ನಡೆ’ ತಂತ್ರವನ್ನು ತೆಗೆಯುತ್ತಿರುವುದಾಗಿ ಹೇಳಿದಾಗ. ಅದರ ಜಾಗಕ್ಕೆ ಬಂದದ್ದು ಪರದೆಯಿರುವ ಡ್ಯಾಶ್ ಕಾರ್ಟ್ ಎಂಬ ತಳ್ಳುಗಾಡಿ. ಕೊಳ್ಳುತ್ತಿರುವಾಗಲೇ ಬಿಲ್ಲು ನೋಡಬೇಕೆಂದು ಗಿರಾಕಿಗಳು ಬಯಸಿದ್ದೂ ಕಂಪನಿ ಕೊಟ್ಟ ಕಾರಣಗಳಲ್ಲಿ ಒಂದು. ಸಣ್ಣ ಮಳಿಗೆಗಳಲ್ಲಿ ಹಳೆಯ ತಂತ್ರವೇ ಮುಂದುವರಿಯಿತು. ಅದು ನ್ಯಾಯವೇ. ಎರಡು ಸಾಮಾನು ಕೊಳ್ಳುವವನಿಗೆ ಮೊತ್ತ ಬಾಯಲ್ಲೇ ಇರುತ್ತದೆ, ಇಪ್ಪತ್ತು ಕೊಳ್ಳುವವನಿಗೆ ಪರದೆ ಬೇಕು. ನನ್ನ ಮಳಿಗೆಗೆ ಅಂಥ ಗಾಡಿ ಇನ್ನೂ ಬಂದಿಲ್ಲ; ಬಂದರೆ ಚೀಲಕ್ಕೆ ನೇರವಾಗಿ ತುಂಬುವ ಸುಖಕ್ಕೆ ಏನಾಗುತ್ತದೋ ನೋಡಬೇಕು.

ಹಾಗಿದ್ದೂ ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಸಣ್ಣಪುಟ್ಟ ಖರೀದಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ತಿಂಗಳ ಸಾಮಾನಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ, ಅದಕ್ಕೆ ಅಮ್ಮನನ್ನು ಕರೆದುಕೊಂಡು ಕೌಂಟರ್ ಇರುವ ಅಂಗಡಿಗೇ ಹೋಗುತ್ತೇನೆ. ಇಲ್ಲಿ ನಾಲ್ಕಕ್ಕಿಂತ ಹೆಚ್ಚು ಸಾಮಾನು ಕೊಳ್ಳುವ ದಿನ ಅಂಗಿಯ ಜೇಬಿನಲ್ಲಿ ಚಿಕ್ಕ ನೋಟ್‌ಪುಸ್ತಕವಿರುತ್ತದೆ. ಒಂದೊಂದನ್ನು ಎತ್ತಿಕೊಂಡಾಗಲೂ ಶೆಲ್ಫಿನ ಮೇಲಿನ ಬೆಲೆಯನ್ನು ಬರೆದು ಕೂಡಿಸುತ್ತೇನೆ. ಅದನ್ನು ಹೊರತೆಗೆಯುವ ಮೊದಲು ಮಾತ್ರ, ನೋಟ್‌ಪುಸ್ತಕ ಮತ್ತು ಪೆನ್ನುಗಳನ್ನು ಇಟ್ಟಿರುವ ಶೆಲ್ಫಿನಿಂದ ಸಾಕಷ್ಟು ದೂರ ನಿಂತಿದ್ದೇನೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.