ಮಿರರ್‌ಲೆಸ್, ಡಿಎಸ್‌ಎಲ್‌ಆರ್, ಫೋನ್: ಯಾರಿಗೆ ಯಾವುದು?

ತೆಗೆದ ಚಿತ್ರ ಕೂಡಲೇ ಫೋನಿಗೆ ಬರಬೇಕು, ಅದೇ ಸಾಧನದಲ್ಲಿ ಒಳ್ಳೆಯ ವಿಡಿಯೊವೂ ಸಿಗಬೇಕು ಎಂಬ ಬಳಕೆದಾರರ ನಿರೀಕ್ಷೆಗೆ ಮಿರರ್‌ಲೆಸ್ ಕ್ಯಾಮೆರಾ ಚೆನ್ನಾಗಿ ಹೊಂದಿಕೊಂಡಿದೆ. ಡಿಎಸ್‌ಎಲ್‌ಆರ್‌ನಲ್ಲಿರುವಂಥ ಕನ್ನಡಿಯಿಲ್ಲದೆ ಬೆಳಕು ನೇರವಾಗಿ ಚಿತ್ರ ಸೆರೆಹಿಡಿಯುವ ಸೆನ್ಸರ್ ಮೇಲೆ ಬೀಳುವುದರಿಂದ, ಚಿತ್ರದ ಬೆಳಕು ಹೊಂದಿಸುವ ಎಕ್ಸ್‌ಪೋಶರ್ ಡಯಲ್ ತಿರುಗಿಸಿದಂತೆಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನೊಳಗಿನ ಪುಟ್ಟ ಪರದೆಯಲ್ಲಿ ದೃಶ್ಯ ಮಂಕಾಗುವುದೂ ಬೆಳಗುವುದೂ ಕಣ್ಣೆದುರೇ ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲವೆಂದು ನನ್ನ ಅಭಿಪ್ರಾಯ. ಆದರೆ ಆ ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ದಿನವಿಡೀ ಹೊರಗೆ ಚಿತ್ರ ತೆಗೆಯುವವರಿಗೆ, ಕಡಿಮೆ ಖರ್ಚಿನಲ್ಲಿ ಬಳಸಿದ ಲೆನ್ಸ್‌ಗಳನ್ನು ಕೂಡಿಸಬಯಸುವವರಿಗೆ ಕನ್ನಡಿಯ ಮೂಲಕವೇ ದೃಶ್ಯ ತೋರಿಸಿ ಬ್ಯಾಟರಿ ಉಳಿಸುವ ಡಿಎಸ್‌ಎಲ್‌ಆರ್ ಈಗಲೂ ತಕ್ಕುದು. ಕ್ಯಾನನ್ ಮತ್ತು ನಿಕಾನ್ 2018ರಲ್ಲಿ ಹೊಸ ಮಿರರ್‌ಲೆಸ್ ಮೌಂಟ್‌ಗಳನ್ನು (ಲೆನ್ಸ್ ಕೂರಿಸುವ ಜೋಡಣೆಗಳನ್ನು) ತಂದ ಮೇಲೆ ಹೊಸ ಲೆನ್ಸ್‌ಗಳು ಹೆಚ್ಚಾಗಿ ಅವಕ್ಕೇ ಬರುತ್ತಿವೆ ಎಂಬುದನ್ನು ಮಾತ್ರ ಮರೆಯಬಾರದು.

ಹಗಲಿನ ಮನೆಮಂದಿಯ ಚಿತ್ರಗಳಿಗಷ್ಟೇ ಆದರೆ, ಕೈಯಲ್ಲಿರುವ ಫೋನೇ ಸಾಕು.