ಲಿನಕ್ಸ್‌ನಲ್ಲಿ ವಿಡಿಯೊ: ಎಂಪಿವಿ, ವಿಎಲ್‌ಸಿ ಮತ್ತು ಕೋಡೆಕ್‌ಗಳ ಜೊತೆ ಹಲವು ವರ್ಷ

"ಲಿನಕ್ಸ್‌ನಲ್ಲಿ ವಿಡಿಯೊ ಓಡುತ್ತಾ?" ಅಂತ ಈಗಲೂ ಜನ ಕೇಳುತ್ತಾರೆ. ಓಡುತ್ತದೆ. ಮೈಕ್ರೋಸಾಫ್ಟ್‌ನ ಡಬ್ಲ್ಯುಎಂವಿ, ಹಳೆಯ ರಿಯಲ್ ಮೀಡಿಯಾ, ಆ್ಯಪಲ್‌ನ ಕ್ವಿಕ್‌ಟೈಮ್, ಇವತ್ತಿನ ಮೊಬೈಲ್‌ಗಳು ತೆಗೆಯುವ ಎಚ್.265, ಎಲ್ಲವೂ ಓಡುತ್ತವೆ. ಸಿಸ್ಟಮ್ ಇನ್‌ಸ್ಟಾಲ್ ಮಾಡಿದ ಕೂಡಲೇ ಓಡುತ್ತವಾ ಅಂದರೆ, ಎಲ್ಲ ಕಡೆ ಇಲ್ಲ. ಮನೆಯ ಡೆಸ್ಕ್‌ಟಾಪ್‌ನಲ್ಲಿ ನಾನು ಹಲವು ವರ್ಷಗಳಿಂದ ಲಿನಕ್ಸ್ ಮಾತ್ರ ಬಳಸುತ್ತಿದ್ದೇನೆ. ಮೊದಲು ಉಬುಂಟು, ಆಮೇಲೆ ಡೆಬಿಯನ್, ಈಗ ಫೆಡೋರಾ. ಇಷ್ಟು ಕಾಲದಲ್ಲಿ ಪ್ಲೇಯರ್ ಕೈಕೊಟ್ಟಿದ್ದು ತೀರಾ ಕಡಿಮೆ. ತೊಂದರೆ ಬಂದಾಗಲೆಲ್ಲ ಅದರ ಬೇರು ಇನ್ನೊಂದು ಕಡೆ ಇರುತ್ತಿತ್ತು: ಯಾವ ಕೋಡೆಕ್ ಅನ್ನು (ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ತಂತ್ರವನ್ನು) ಯಾರು ಹಂಚಬಹುದು ಅನ್ನುವ ತಕರಾರಿನಲ್ಲಿ.

ಮೊದಲು ಪ್ಲೇಯರ್ ವಿಷಯ ಮುಗಿಸುತ್ತೇನೆ. ದಿನವೂ ಬಳಸುವುದು ಎಂಪಿವಿ. ಮೆನು ಇಲ್ಲ, ಪಟ್ಟಿ ಇಲ್ಲ, ಕೆಳಗೆ ಸಣ್ಣದೊಂದು ಕಂಟ್ರೋಲ್ ಬಾರ್, ಅಷ್ಟೇ. ಎಲ್ಲ ಕೆಲಸ ಕೀಬೋರ್ಡ್‌ನಲ್ಲಿ. 'ಐ' ಒತ್ತಿದರೆ ಫೈಲಿನ ಒಳಗಿನ ಕೋಡೆಕ್, ಫ್ರೇಮ್ ದರ, ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ಎಲ್ಲವೂ ಪರದೆ ಮೇಲೆ ಬರುತ್ತದೆ. ಹಳೆಯ ಕ್ಯಾಮ್‌ಕಾರ್ಡರ್ ವಿಡಿಯೊಗಳಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡ ಗೆರೆ ಕಂಡರೆ 'ಡಿ' ಒತ್ತಿದರೆ ಸಾಕು. ಮನೆಯ ಬೇರೆಯವರಿಗೆ ವಿಎಲ್‌ಸಿ ಹಾಕಿಕೊಟ್ಟಿದ್ದೇನೆ. ಅವರಿಗೆ ಮೆನು ಬೇಕು, ಸಬ್‌ಟೈಟಲ್ ಹಿಂದೆಮುಂದೆ ಮಾಡುವ ಬಟನ್ ಕಣ್ಣಿಗೆ ಕಾಣಬೇಕು. ಪ್ಯಾರಿಸ್‌ನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 1996ರಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ ಪ್ರಾಜೆಕ್ಟಿನಿಂದ ಬೆಳೆದದ್ದು ಅದು. 2001ರಲ್ಲಿ ಜಿಪಿಎಲ್ ಅನ್ನುವ ಮುಕ್ತ ಪರವಾನಗಿಯಡಿ ಹೊರಬಂತು.

ಯಾವುದು ಹೆಚ್ಚು ಫಾರ್ಮ್ಯಾಟ್ ಓಡಿಸುತ್ತದೆ ಅಂತ ಇವೆರಡನ್ನು ಹೋಲಿಸುವುದು ಸುಮ್ನೆ ಕಾಲಹರಣ. ಹೆಚ್ಚಿನ ಫಾರ್ಮ್ಯಾಟ್‌ಗಳನ್ನು ಬಿಡಿಸುವ ಕೆಲಸವನ್ನು ಎರಡರಲ್ಲೂ ಮಾಡುವುದು ಎಫ್‌ಎಫ್‌ಎಂಪೆಗ್. ಫ್ಯಾಬ್ರಿಸ್ ಬೆಲ್ಲಾರ್ಡ್ 2000ದಲ್ಲಿ ಆರಂಭಿಸಿದ ಈ ಲೈಬ್ರರಿಯೇ ನಿಜವಾಗಿ ಇಲ್ಲಿ ವಿಮರ್ಶೆಗೆ ಬರಬೇಕಾದದ್ದು. ಪ್ಲೇಯರ್ ಅದಕ್ಕೆ ಹಾಕಿದ ಅಂಗಿ.

ಹಿಂದೆ ಹೀಗಿರಲಿಲ್ಲ. ಎಂಪ್ಲೇಯರ್ ಅನ್ನುವ ಪ್ಲೇಯರ್ ಇತ್ತು. ಎಂಪಿವಿ ಅದೇ ವಂಶದ್ದು. ಡಬ್ಲ್ಯುಎಂವಿ ಫೈಲು ಓಡಿಸಬೇಕಾದರೆ ಎಂಪ್ಲೇಯರ್ ವಿಂಡೋಸ್‌ನ ಡಿಎಲ್‌ಎಲ್ ಫೈಲುಗಳನ್ನೇ (ವಿಂಡೋಸ್ ಪ್ರೋಗ್ರಾಮಿನ ತುಣುಕುಗಳನ್ನೇ) ಎತ್ತಿ ತಂದು ಲಿನಕ್ಸ್ ಒಳಗೆ ಓಡಿಸುತ್ತಿತ್ತು. ಕೋಡೆಕ್‌ಗಳ ಆ ಕಟ್ಟನ್ನು ಎಲ್ಲಿಂದಲೋ ಇಳಿಸಿಕೊಂಡು ಒಂದು ಫೋಲ್ಡರ್‌ನಲ್ಲಿ ಹಾಕಬೇಕಿತ್ತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೋ ತಪ್ಪೋ ಅಂತ ಯಾರೂ ಜೋರಾಗಿ ಕೇಳುತ್ತಿರಲಿಲ್ಲ. 64 ಬಿಟ್ ಸಿಸ್ಟಮ್‌ಗಳು ಬಂದಾಗ ಆ ಉಪಾಯವೂ ಕೆಟ್ಟಿತು. ಡಿಎಲ್‌ಎಲ್‌ಗಳು 32 ಬಿಟ್‌ನವು, ಪ್ಲೇಯರ್ 64 ಬಿಟ್‌ನದು. ಎರಡೂ ಒಂದೇ ಪ್ರೋಗ್ರಾಮಿನಲ್ಲಿ ಕೂಡುವುದಿಲ್ಲ.

ಅಷ್ಟರಲ್ಲಿ ಕೆಲವರು ಕೂತು ಒಂದೊಂದೇ ಫಾರ್ಮ್ಯಾಟನ್ನು ಬಿಚ್ಚಿ ನೋಡುತ್ತಿದ್ದರು. ಕ್ವಿಕ್‌ಟೈಮ್ ಫೈಲುಗಳಲ್ಲಿದ್ದ ಸೊರೆನ್ಸನ್ ವಿಡಿಯೊಗಾಗಲಿ ರಿಯಲ್ ವಿಡಿಯೊಗಾಗಲಿ ಸಾರ್ವಜನಿಕ ದಾಖಲೆ ಇರಲಿಲ್ಲ. ಮೂಲ ಪ್ರೋಗ್ರಾಮನ್ನೇ ಬಗೆದು, ಅದು ಏನು ಮಾಡುತ್ತಿದೆ ಅಂತ ಊಹಿಸಿ, ಹೊಸದಾಗಿ ಡಿಕೋಡರ್ ಬರೆದರು. ಮೈಕ್ರೋಸಾಫ್ಟ್ ವಿಷಯದಲ್ಲಿ ಕೆಲಸ ಸ್ವಲ್ಪ ಹಗುರವಾಯಿತು. ಡಬ್ಲ್ಯುಎಂವಿ 9ರ ಹಿಂದಿನ ತಂತ್ರವೇ ವಿಸಿ-1 ಎಂಬ ಹೆಸರಲ್ಲಿ 2006ರಲ್ಲಿ ಚಲನಚಿತ್ರ-ಟಿವಿ ಎಂಜಿನಿಯರ್‌ಗಳ ಎಸ್‌ಎಂಪಿಟಿಇ ಸಂಸ್ಥೆಯ ಮಾನದಂಡವಾಯಿತು, ದಾಖಲೆ ಸಿಕ್ಕಿತು. ಇದರ ಫಲ ನನಗೆ ಇವತ್ತೂ ಸಿಗುತ್ತಿದೆ. ಹಳೆಯ ಸಿಡಿಗಳಲ್ಲಿದ್ದ ರಿಯಲ್ ಮೀಡಿಯಾ ಪಾಠಗಳು ಎಂಪಿವಿಯಲ್ಲಿ ಯಾವ ಹೆಚ್ಚುವರಿ ಪ್ಯಾಕೇಜೂ ಇಲ್ಲದೆ ಓಡುತ್ತವೆ. ಕೆಲವು ಫೈಲುಗಳಲ್ಲಿ ಮುಂದಕ್ಕೆ ಹಾರಿದರೆ ಚಿತ್ರ ಒಂದೆರಡು ಕ್ಷಣ ಕಲಸಿಹೋಗುತ್ತದೆ, ಅಷ್ಟೇ. ಆ ಪಾಠಗಳ ಜೊತೆ ಬಂದಿದ್ದ ಪ್ಲೇಯರ್ ಈಗ ನನ್ನ ಸಿಸ್ಟಮ್‌ನಲ್ಲಿ ಏಳುವ ಸ್ಥಿತಿಯಲ್ಲಿಲ್ಲ.

ಸಿಸಿಟಿವಿ ಫೈಲುಗಳದ್ದು ಬೇರೆಯೇ ಗೋಳು. ಒಂದು ರೆಕಾರ್ಡರ್‌ನಿಂದ ತೆಗೆದ ಫೈಲು 'ಡಿಎವಿ' ಅನ್ನುವ ಬಾಲ ಹೊತ್ತು ಬಂತು. ತಯಾರಕರು ಕೊಟ್ಟದ್ದು ವಿಂಡೋಸ್‌ಗೆ ಮಾತ್ರ ಆಗುವ ಪ್ಲೇಯರ್. ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್‌ನಲ್ಲಿ ನೋಡಿದರೆ ಒಳಗಿದ್ದದ್ದು ಸಾಮಾನ್ಯ ಎಚ್.264! ಹೊರಗಿನ ಹೊದಿಕೆ ಮಾತ್ರ ಅವರದ್ದು. ಮತ್ತೆ ಎನ್‌ಕೋಡ್ ಮಾಡದೆ ಹಾಗೇ ಎಂಕೆವಿಗೆ ವರ್ಗಾಯಿಸಿದೆ, ಗುಣಮಟ್ಟ ಒಂಚೂರೂ ಕೆಡಲಿಲ್ಲ. ಫೈಲಿನ ಬಾಲ ನೋಡಿ ಹೆದರುವವರಿಗೆ ನಾನು ಮೊದಲು ಹೇಳುವುದು ಎಫ್‌ಎಫ್‌ಪ್ರೋಬ್ ಓಡಿಸಿ ಅಂತಲೇ. ಎವಿಐ, ಎಂಪಿ4, ಎಂಕೆವಿ ಎಲ್ಲ ಬರೀ ಕಂಟೇನರ್‌ಗಳು, ಅಂದರೆ ಹೊದಿಕೆಗಳು. ಓಡುವುದು ಬಿಡುವುದು ಒಳಗಿನ ಕೋಡೆಕ್ ಮೇಲೆ.

ಈಗ ನಿಜವಾದ ತಲೆನೋವಿಗೆ ಬರೋಣ. ಎಫ್‌ಎಫ್‌ಎಂಪೆಗ್ ಓಪನ್ ಸೋರ್ಸ್ ಆದರೂ ಅದು ಬಿಡಿಸುವ ಫಾರ್ಮ್ಯಾಟ್‌ಗಳ ಮೇಲೆ ಪೇಟೆಂಟ್ ಇರುತ್ತದೆ. ಸಾಫ್ಟ್‌ವೇರ್ ಪೇಟೆಂಟ್ ನಡೆಯುವ ದೇಶದಲ್ಲಿ ಕೂತು ಅದನ್ನು ಹಂಚುವ ಸಂಸ್ಥೆಗೆ ಅಪಾಯ. ಹಾಗಾಗಿ ಒಂದೊಂದು ಡಿಸ್ಟ್ರೋದ್ದು (ಲಿನಕ್ಸ್‌ನ ಬಗೆಯದ್ದು) ಒಂದೊಂದು ದಾರಿ. ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಒಂದು ಚೌಕಕ್ಕೆ ಟಿಕ್ ಹಾಕಿದರೆ ಬಹುಪಾಲು ಮುಗಿಯಿತು. ಓಪನ್‌ಸೂಸೆಯಲ್ಲಿ ಪ್ಯಾಕ್‌ಮನ್ ಅನ್ನುವ ಹೊರಗಿನ ಸಾಫ್ಟ್‌ವೇರ್ ಭಂಡಾರ ಸೇರಿಸಬೇಕು. ಅಮೆರಿಕದ ರೆಡ್ ಹ್ಯಾಟ್ ಬೆಂಬಲದ ಫೆಡೋರಾ ಎಲ್ಲರಿಗಿಂತ ಹುಷಾರು. ಎಂಪಿ3 ಓಡಿಸುವ ಸೌಲಭ್ಯ ಕೂಡ ಅದರಲ್ಲಿ ಬಂದದ್ದು 2016ರ ಕೊನೆಗೆ. 2017ರಲ್ಲಿ ಎಂಪಿ3 ಲೈಸೆನ್ಸ್ ವ್ಯವಹಾರವೇ ಮುಗಿದ ಮೇಲೆ ಎನ್‌ಕೋಡರ್ ಕೂಡ ಸೇರಿತು. ವಿಡಿಯೊ ಓಡಿಸುವ ಇನ್ನೊಂದು ಲೈಬ್ರರಿಯಾದ ಜಿಸ್ಟ್ರೀಮರ್‌ನವರಂತೂ ತಮ್ಮ ಪ್ಲಗಿನ್‌ಗಳಿಗೆ ಗುಡ್, ಬ್ಯಾಡ್, ಅಗ್ಲಿ ಅಂತಲೇ ಹೆಸರಿಟ್ಟಿದ್ದಾರೆ. ಅಗ್ಲಿ ಅಂದರೆ ಕೋಡ್ ಚೆನ್ನಾಗಿದೆ, ಹಂಚುವುದಕ್ಕೆ ಮಾತ್ರ ಕಾನೂನಿನ ತೊಡಕು ಬರಬಹುದು ಅಂತ.

ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ ಭಂಡಾರ ಸೇರಿಸಿ, ಕತ್ತರಿಸಿಕೊಟ್ಟ ಎಫ್‌ಎಫ್‌ಎಂಪೆಗ್ ಬದಲು ಪೂರ್ತಿಯದ್ದನ್ನು ಹಾಕಿಕೊಳ್ಳಬೇಕು. ಇಲ್ಲಿಗೇ ನಿಲ್ಲಿಸಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಫೆಡೋರಾ ತನ್ನ ಮೆಸಾ ಗ್ರಾಫಿಕ್ಸ್ ಡ್ರೈವರ್‌ನಿಂದ ಎಚ್.264, ಎಚ್.265, ವಿಸಿ-1 ಮೂರರ ಹಾರ್ಡ್‌ವೇರ್ ಡಿಕೋಡಿಂಗ್ ತೆಗೆಯಿತು. ಎಎಂಡಿ ಗ್ರಾಫಿಕ್ಸ್ ಇರುವವರಿಗೆ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಮಜಾ ಏನೆಂದರೆ ಯಾವ ಎರರ್ ಕೂಡ ಬರುವುದಿಲ್ಲ. ವಿಡಿಯೊ ಓಡುತ್ತಲೇ ಇರುತ್ತದೆ, ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವನ್ನು ಪ್ರೊಸೆಸರ್ ಮಾಡುತ್ತಿರುತ್ತದೆ. 4ಕೆ ಎಚ್.265 ಹಾಕಿದಾಗ ಫ್ಯಾನ್ ಕೂಗಿಕೊಂಡರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಆರ್‌ಪಿಎಂ ಫ್ಯೂಷನ್‌ನಲ್ಲಿ 'ಫ್ರೀವರ್ಲ್ಡ್' ಅನ್ನುವ ಬಾಲವಿರುವ ಮೆಸಾ ಪ್ಯಾಕೇಜ್ ಇದೆ, ಅದನ್ನು ಹಾಕಿದರೆ ಸರಿಹೋಗುತ್ತದೆ. ಎಂಪಿವಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿ ಆನ್ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಕಂಟ್ರೋಲ್ ಜೊತೆ 'ಎಚ್' ಒತ್ತಿ ಆನ್ ಮಾಡಿ ನೋಡಬಹುದು, ಇಲ್ಲವೇ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಬಹುದು. ವಿಎಲ್‌ಸಿ 3.0 ಬಂದಾಗಿನಿಂದ, ಅಂದರೆ 2018ರಿಂದ, ಅಲ್ಲಿ ಇದು ತಾನಾಗಿ ಆನ್ ಇರುತ್ತದೆ.

ಫೆಡೋರಾದ ಮುಖ್ಯ ಭಂಡಾರದಲ್ಲಿ ಹೊಸ ಮೆಸಾ ಬಂದು, ಆರ್‌ಪಿಎಂ ಫ್ಯೂಷನ್‌ನಲ್ಲಿ ಇನ್ನೂ ಬರದಿದ್ದರೆ ಅಪ್‌ಡೇಟ್ ಮಧ್ಯದಲ್ಲಿ ತಡೆಯುತ್ತದೆ. ಬಲವಂತ ಮಾಡಬೇಡಿ, ಸ್ವಲ್ಪ ಕಾಯಿರಿ. ಇದ್ಯಾವುದೂ ಬೇಡ ಅನ್ನುವವರು ಫ್ಲಾಟ್‌ಪ್ಯಾಕ್ ಆ್ಯಪ್‌ಗಳ ಭಂಡಾರವಾದ ಫ್ಲಾಟ್‌ಹಬ್‌ನಿಂದ ವಿಎಲ್‌ಸಿ ಅಥವಾ ಎಂಪಿವಿ ಹಾಕಿಕೊಳ್ಳಬಹುದು. ಫ್ಲಾಟ್‌ಪ್ಯಾಕ್ ತನಗೆ ಬೇಕಾದ ಕೋಡೆಕ್‌ಗಳನ್ನು ತಾನೇ ಹೊತ್ತು ತರುತ್ತದೆ, ಸಿಸ್ಟಮ್‌ನ ತಂಟೆಗೆ ಹೋಗುವುದಿಲ್ಲ. ಜಾಗ ಜಾಸ್ತಿ ತಿನ್ನುತ್ತದೆ, ನಿಜ. ಹೊಸಬರಿಗೆ ನಾನು ಇದನ್ನೇ ಹೇಳುವುದು.

ಡಿವಿಡಿ ಈಗ ಯಾರು ನೋಡುತ್ತಾರೆ, ಅಲ್ವಾ? ಆದರೂ ಡಬ್ಬದಲ್ಲಿ ಡಿಸ್ಕ್ ಇಟ್ಟುಕೊಂಡಿರುವವರಿಗಾಗಿ ಒಂದು ಮಾತು: ಲಿಬ್‌ಡಿವಿಡಿಸಿಎಸ್‌ಎಸ್ ಅನ್ನುವ ಲೈಬ್ರರಿ ಇಲ್ಲದೆ ಬೀಗ ಹಾಕಿದ ಡಿಸ್ಕ್ ಓಡುವುದಿಲ್ಲ. ಡೆಬಿಯನ್‌ನಲ್ಲಿ ಅದನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಇಳಿಸಿ ಕಟ್ಟಿಕೊಡುವ ಪ್ಯಾಕೇಜ್ ಇದೆ. ಕನ್ನಡ ಸಬ್‌ಟೈಟಲ್ ಹಾಕುವವರು ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಒಂದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ. ಎಂಪಿವಿಯಲ್ಲಿ ಒತ್ತಕ್ಷರ ಸರಿಯಾಗಿ ಕೂಡುತ್ತವೆ.

ಹೀಗೆ ಫೈಲುಗಳ ವಿಷಯಕ್ಕೆ 5ರಲ್ಲಿ ನಾಲ್ಕೂವರೆ ಕೊಡುತ್ತೇನೆ. ಸ್ಟ್ರೀಮಿಂಗ್‌ಗೆ ಎರಡು ಕೊಡುವುದೂ ಕಷ್ಟ. ಅಲ್ಲಿ ಕೋಡೆಕ್ ಬಿಡಿಸಿದರೆ ಸಾಲದು, ನಕಲು ತಡೆಯುವ ಡಿಆರ್‌ಎಂ ಬೀಗ ಇರುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ವೈಡ್‌ವೈನ್ ಅನ್ನುವ ಡಿಆರ್‌ಎಂ ವ್ಯವಸ್ಥೆಯ ಮೂಲಕ ಆ ವಿಡಿಯೊ ಓಡಿಸುತ್ತವೆ. ಆದರೆ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಸಿಗುವುದು ಅದರ ಕೆಳಗಿನ ಹಂತ, ಎಲ್3. ಬೀಗ ತೆಗೆಯುವ ಕೆಲಸ ಸಾಫ್ಟ್‌ವೇರ್‌ನಲ್ಲೇ ನಡೆಯುವ ಹಂತ ಅದು. ಅದನ್ನು ನಂಬದ ಸೇವೆಗಳು ಚಿತ್ರದ ಗುಣಮಟ್ಟ ಇಳಿಸಿ ಕಳಿಸುತ್ತವೆ. ನೀವು ದುಡ್ಡು ಕಟ್ಟಿದ್ದು 4ಕೆಗೆ ಆದರೂ ಅಷ್ಟೇ. ಎಫ್‌ಎಫ್‌ಎಂಪೆಗ್ ಬರೆದವರು ಎಷ್ಟೇ ಜಾಣರಾದರೂ ಇಲ್ಲಿ ಮಾಡುವಂಥದ್ದು ಏನಿಲ್ಲ. ಈ ಒಂದು ಕೆಲಸಕ್ಕೆ ನಾನು ಟಿವಿ ಹಾಕುತ್ತೇನೆ. ಡೆಸ್ಕ್‌ಟಾಪ್‌ನ ಬ್ರೌಸರ್‌ನಲ್ಲಿ ನೋಡುವುದು, ಮಂಜು ಮಂಜಾದರೂ ಪರವಾಗಿಲ್ಲ ಅನ್ನುವಂಥ ಕಾರ್ಯಕ್ರಮಗಳನ್ನು ಮಾತ್ರ.