ಪಿಕಪ್ ಗಾಡಿಗೆ ಡಾಟ್ 3 ಸಾಕಾ, ಡಾಟ್ 4 ಬೇಕಾ?

ಬ್ರೇಕ್ ಆಯಿಲ್ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಡಾಟ್ 3, ಡಾಟ್ 4 ಎಂಬ ಈ ಎರಡು ದರ್ಜೆಗಳಲ್ಲಿ ಒಂದನ್ನು ಕೊಡುತ್ತಾರೆ. ಎರಡೂ ಗ್ಲೈಕಾಲ್ ಜಾತಿಯವು, ಎರಡೂ ಗಾಳಿಯ ತೇವ ಹೀರುತ್ತವೆ. ವ್ಯತ್ಯಾಸ ಇರುವುದು ಕುದಿಯುವ ಬಿಸಿಯಲ್ಲಿ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155.

ಊರೊಳಗೆ ತರಕಾರಿ, ಹಾಲು ಸಾಗಿಸುವ ಗಾಡಿಗೆ ಇದು ಅಂಥಾ ದೊಡ್ಡ ವಿಷಯವಲ್ಲ. ಲೋಡ್ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿಯುವವರ ಕಥೆ ಬೇರೆ. ತಿರುವಿಗೊಮ್ಮೆ ಬ್ರೇಕ್ ಒತ್ತಿ ಒತ್ತಿ ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಕಾದುಹೋಗುತ್ತದೆ. ಹಳೇ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಏಳುತ್ತವೆ. ದ್ರವದ ಹಾಗಲ್ಲ, ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲ್ ಮೆತ್ತಗಾಗಿ ನೆಲದವರೆಗೆ ಹೋಗಿಬಿಡುತ್ತದೆ, ಗಾಡಿ ನಿಲ್ಲುವುದಿಲ್ಲ. ಇಂಥ ದಾರಿಯವರು ಡಾಟ್ 4 ಹಾಕಿಸಿ. ಆದರೆ ಮೊದಲು ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳ ನೋಡಿ. ಅಲ್ಲಿ ಡಾಟ್ 4 ಅಂತಿದ್ದರೆ ದುಡ್ಡು ಉಳಿಸಲು 3ಕ್ಕೆ ಇಳಿಯಬೇಡಿ.

ಡಾಟ್ 5 ಕೈಗೆ ಸಿಕ್ಕರೆ ಅಲ್ಲೇ ಬಿಡಿ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಸುವಂತಿಲ್ಲ. 5.1 ಮಾತ್ರ ಗ್ಲೈಕಾಲ್. ಹೆಸರಿಟ್ಟವರಿಗೆ ಏನನ್ನಬೇಕೋ!

ಇನ್ನು ಟಾಪ್-ಅಪ್ಪಾ, ಪೂರ್ತಿ ಬದಲಾವಣೆಯಾ? ಟಾಪ್-ಅಪ್ ಮಾಡಿದರೆ ಒಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಮಟ್ಟ ಇಳಿದಿದ್ದರೆ ಬ್ರೇಕ್ ಪ್ಯಾಡ್ ಸವೆದಿರಬಹುದು, ಇಲ್ಲವೇ ಸೋರಿಕೆ ಇರಬಹುದು. ಅದನ್ನು ನೋಡದೆ ಸುಮ್ನೆ ಸುರಿಯಬೇಡಿ. ಮ್ಯಾನುಯಲ್‌ನಲ್ಲಿ ಬೇರೆ ಲೆಕ್ಕ ಇಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಬ್ಲೀಡಿಂಗ್ (ಪೈಪಿನೊಳಗಿನ ಗಾಳಿ ತೆಗೆಯುವುದು) ಮಾಡಿಸಿ. ಸೀಲ್ ಒಡೆಯದ ಡಬ್ಬಿಯನ್ನೇ ಕೇಳಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ.